ಮನೆಗಳಲ್ಲಿ ಬೂಷ್ಟು ಹಿಡಿಯುವುದು ಮತ್ತು ಅದರ ನಿವಾರಣೆ

(ಉಬ್ರಾಣಿ ಹೋಬಳಿಯ ಅಡಿಕೆ ಬೆಳೆಗಾರರ ಮನೆಗಳನ್ನು ಕುರಿತು)

ಮಳೆಗಾಲದಲ್ಲಿ ಗೋಡೆ, ಅಟ್ಟ, ಪೆಟ್ಟಿಗೆ, ಬಟ್ಟೆಬರೆ, ದವಸಧಾನ್ಯ ಇವುಗಳಿಗೆ ಬೂಷ್ಟು ಹಿಡಿಯುವುದು ನಮ್ಮ ಗ್ರಾಮಸ್ಥರಿಗೆ ಹೊಸ ಸಂಗತಿಯೇನೂ ಅಲ್ಲ. ವರ್ಷಂಪ್ರತಿ ಬರುವ ಈ ಉಪದ್ರವವು ಮಳೆಯ ಸಂಗಡ ಬಂದು ಮಳೆಯ ಸಂಗಡವೇ ಹೋಗತಕ್ಕದ್ದೆಂದು ಭಾವಿಸಿ, ದೀಪಾವಳಿಗೋ ಯುಗಾದಿಗೋ ಒಮ್ಮೆ ಬಣ್ಣ ಹೊಡೆಯಿಸಿ ಸುಮ್ಮನಾಗುವವರೇ ಬಹಳ. ಬಣ್ಣದ ಕೆಳಗೆ ಬೂಷ್ಟು ಜೀವಂತವಾಗಿದ್ದು ಮುಂದಿನ ಆರಿದ್ರೆಗೆ ಪುನಃ ತಲೆದೋರುತ್ತದೆ. ಬಣ್ಣದ ಖರ್ಚು, ಕೂಲಿಯ ಖರ್ಚು, ಕೆಮ್ಮಿನ ಔಷಧದ ಖರ್ಚು ಎಲ್ಲವೂ ಮತ್ತೊಮ್ಮೆ ಬೀಳುತ್ತವೆ. ಗೋಡೆಯ ಕಲೆಯನ್ನು ಅಳಿಸುವುದರಲ್ಲಿ ಶ್ರಮಪಡುವ ನಾವು, ಆ ಕಲೆಗೆ ಕಾರಣವಾದ ನೀರು ಎಲ್ಲಿಂದ ಬಂತೆಂಬುದನ್ನು ವಿಚಾರಿಸದೆ ಇರುವುದೇ ಈ ನಷ್ಟಕ್ಕೆ ಮೂಲ. ಈ ಲೇಖನದಲ್ಲಿ ಮುಖ್ಯವಾಗಿ ಆ ನೀರನ್ನು ಕುರಿತೂ, ಆಮೇಲೆ ಅಪಾಯವಿಲ್ಲದೆ ಬೂಷ್ಟನ್ನು ತೆಗೆಯುವ ಕ್ರಮವನ್ನು ಕುರಿತೂ ಬರೆಯಲಾಗಿದೆ.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಈ ಭಾಗವು, ಪಶ್ಚಿಮದ ಮಲೆನಾಡಿಗೂ ಪೂರ್ವದ ಬಯಲುಸೀಮೆಗೂ ನಡುವಣ ಅರೆಮಲೆನಾಡು. ಆಗುಂಬೆಯಷ್ಟು ಮಳೆ ಇಲ್ಲಿ ಬೀಳುವುದಿಲ್ಲ. ಜಗಳೂರಿನ ಕಡೆಯಷ್ಟು ಬೇಗ ನೆಲ ಆರುವುದೂ ಇಲ್ಲ. ಮಲೆನಾಡಿನ ಹಿರಿಯರು ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮನೆ ಕಟ್ಟಿದರು: ಕಡಿದಾದ ಹಂಚಿನ ಮಾಡು, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು, ಎತ್ತರದ ಜಗುಲಿ, ಒಲೆಯ ಮೇಲ್ಭಾಗದಲ್ಲಿ ಅಡಿಕೆ ಒಣಗಿಸುವ ಅಟ್ಟ. ಬಯಲುಸೀಮೆಯವರು ಬಿಸಿಲಿಗೆ ಹೆದರಿ ದಪ್ಪ ಮಣ್ಣಿನ ಗೋಡೆ, ಮಾಳಿಗೆ, ಸಣ್ಣ ಬೆಳಕಿಂಡಿಗಳನ್ನು ಇಟ್ಟರು. ಎರಡೂ ಆಯಾ ಸೀಮೆಗೆ ತಕ್ಕವೇ. ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆಯ ತೋಟಗಳು ಹೆಚ್ಚುತ್ತ ಬಂದು ಈಗ ಈ ತಾಲ್ಲೂಕು ರಾಜ್ಯದ ಮುಖ್ಯ ಅಡಿಕೆ ಸೀಮೆಗಳಲ್ಲಿ ಒಂದಾಗಿದೆ. ಹೀಗಾಗಿ ಅನೇಕ ಕಡೆಗಳಲ್ಲಿ ಮನೆ ಬಯಲುಸೀಮೆಯದು, ಬೆಳೆ ಮಲೆನಾಡಿನದು ಎಂಬಂತಾಗಿದೆ. ಇತ್ತೀಚೆಗೆ ಕಟ್ಟಿದ ತಾರಸಿಯ ಮನೆಗಳಂತೂ ಎರಡು ಸೀಮೆಗೂ ಸೇರಿದುವಲ್ಲ. ಪಟ್ಟಣದ ನಕ್ಷೆಯನ್ನು ತಂದು ಹಳ್ಳಿಯಲ್ಲಿ ಕಟ್ಟಿದುವು.

ಬೂಷ್ಟು ಎಂದರೇನು

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಹಸಿರು, ಕಪ್ಪು, ಬಿಳುಪು, ಬೂದು ಬಣ್ಣಗಳಲ್ಲಿ ನಾವು ಕಾಣುವ ಪುಡಿಯಲ್ಲಿ ಅದರ ಬೀಜಾಣುಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಈ ಬೀಜಾಣುಗಳು ಕಣ್ಣಿಗೆ ಬೀಳದಷ್ಟು ಸಣ್ಣವಾಗಿ ಗಾಳಿಯಲ್ಲಿ ಎಲ್ಲೆಲ್ಲಿಯೂ ತೇಲುತ್ತಿರುತ್ತವೆ. ಆದುದರಿಂದ ಮನೆಯೊಳಗೆ ಅವು ಬಾರದಂತೆ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ. ಅವು ಮೊಳೆತು ಬೆಳೆಯಬೇಕಾದರೆ ಆಹಾರ, ಹಿತವಾದ ಶಾಖ, ನೀರು ಈ ಮೂರೂ ಬೇಕು. ಮರ, ಕಾಗದ, ಹತ್ತಿ, ಚರ್ಮ, ಬಣ್ಣದಲ್ಲಿರುವ ಅಂಟು, ಗೋಡೆಗೆ ಅಂಟಿದ ಧೂಳು ಮತ್ತು ಒಗ್ಗರಣೆಯ ಜಿಡ್ಡು ಇವೆಲ್ಲವೂ ಅದಕ್ಕೆ ಆಹಾರವೇ. ನಮ್ಮ ಸೀಮೆಯ ಶಾಖವು ವರ್ಷವೆಲ್ಲ ಅದಕ್ಕೆ ಒಗ್ಗುತ್ತದೆ. ಉಳಿದದ್ದು ನೀರು. ಮನೆಯವರ ಕೈಯಲ್ಲಿರುವುದು ಇದೊಂದೇ. ನೆನೆದ ವಸ್ತುವನ್ನು 24ರಿಂದ 48 ಗಂಟೆಗಳೊಳಗಾಗಿ ಪೂರ್ಣವಾಗಿ ಒಣಗಿಸಿದರೆ ಬಹುಮಟ್ಟಿಗೆ ಬೂಷ್ಟು ಏಳುವುದಿಲ್ಲ. ಅದಕ್ಕಿಂತ ತಡವಾದರೆ ಏಳುತ್ತದೆ. ಸುರಿಯುವ ನೀರೇ ಬೇಕೆಂದೂ ಇಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯ ತೇವವು ಬಹುದಿನ ನೂರಕ್ಕೆ 80ರ ಸುಮಾರಿನಲ್ಲಿದ್ದರೆ ಅಷ್ಟೇ ಸಾಕು.

ಹಸಿ ಗೋಡೆಯ ಮನೆಯಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಮೂಗು ಸೋರುವಿಕೆ ಮುಂತಾದ ತೊಂದರೆಗಳು ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಮಕ್ಕಳಿಗೂ, ಮೊದಲೇ ಉಬ್ಬಸವುಳ್ಳವರಿಗೂ, ವೃದ್ಧರಿಗೂ ಇದರ ಬಾಧೆ ಅಧಿಕ. ಮಳೆಗಾಲದಲ್ಲಿ ರಾತ್ರಿ ಕೆಮ್ಮುತ್ತಿದ್ದ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿದಾಗ ಕೆಮ್ಮು ತಗ್ಗಿದರೆ, ಆ ಮೊದಲ ಕೋಣೆಯ ಗೋಡೆಯನ್ನೂ ಮಂಚದ ಹಿಂಭಾಗವನ್ನೂ ಪರೀಕ್ಷಿಸತಕ್ಕದ್ದು.

ನೀರು ಎಲ್ಲಿಂದ ಬರುತ್ತದೆ

ಮಾಡು ಸೋರಿದರೆ ಎಲ್ಲರಿಗೂ ಕಾಣುತ್ತದೆ. ಕಾಣದೆ ಬರುವ ನೀರೇ ಹೆಚ್ಚು ಕೆಡುಕು ಮಾಡತಕ್ಕದ್ದು. ಅಡಿಕೆ ಬೆಳೆಗಾರರ ಮನೆಗಳಲ್ಲಿ ಅದು ಬಹುಪಾಲು ಬೆಳೆಯ ಸಂಗಡವೇ ಒಳಗೆ ಬರುತ್ತದೆ.

ನಮ್ಮ ಕಡೆ ಅಡಿಕೆಯನ್ನು ಹಸಿರಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸುವ ಪದ್ಧತಿಯಿದೆ. ಮೊದಲ ಕೊಯ್ಲು ಶ್ರಾವಣ ಭಾದ್ರಪದಗಳ ಮಳೆಯ ನಡುವೆಯೇ ಬರುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆಗೆ ಮೋಡ ಕವಿದ ಕೂಡಲೇ ಮನೆಮಂದಿಯೆಲ್ಲ ಓಡಿ ಅದನ್ನು ಪಡಸಾಲೆಗೂ ಮಲಗುವ ಕೋಣೆಗೂ ತುಂಬಿ, ಫ್ಯಾನು ಹಾಕಿ, ಇರಚಲು ಬಡಿಯದಂತೆ ಕಿಟಕಿಗಳನ್ನು ಮುಚ್ಚುತ್ತಾರೆ. ಅಡಿಕೆ ಉಳಿಯಬೇಕೆಂಬ ಆತುರವು ಸಹಜವೇ. ಆದರೆ ಅಡಿಕೆಯಿಂದ ಹೊರಟ ನೀರು ಎಲ್ಲಿ ಹೋಗಬೇಕು?

ಈ ಲೆಕ್ಕವನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುವುದು ಒಳ್ಳೆಯದು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ 23 ಗ್ರಾಂ ನೀರಿನ ಆವಿಯನ್ನು ಹೊರಬಲ್ಲದು. ಎಂದರೆ ಇಡೀ ಕೋಣೆಯ ಗಾಳಿ ಹೊರಬಲ್ಲ ನೀರು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಸೋನೆಯ ದಿನಗಳಲ್ಲಿ ಗಾಳಿಯು ಅದರ ಬಹುಭಾಗವನ್ನು ಮೊದಲೇ ಹೊತ್ತಿರುತ್ತದೆ. ಇನ್ನು ಅಡಿಕೆಯ ಕಡೆಯ ಲೆಕ್ಕ: ಚೊಗರಿನಿಂದ ತೆಗೆದು ನೀರು ಬಸಿದ ಒಂದು ಬುಟ್ಟಿ ಅಡಿಕೆಯನ್ನು ತೂಗಿ ಬರೆದಿಟ್ಟುಕೊಂಡು, ಒಣಗಿದ ಮೇಲೆ ಪುನಃ ತೂಗಿ ನೋಡಬೇಕು. ಕಡಿಮೆಯಾದ ತೂಕವೆಲ್ಲವೂ ನೀರೇ. ಮನೆಯಲ್ಲಿ ಹರಡಿದ ಬುಟ್ಟಿಗಳ ಸಂಖ್ಯೆಯಿಂದ ಅದನ್ನು ಗುಣಿಸಿದರೆ, ಎಷ್ಟು ಬಿಂದಿಗೆ ನೀರನ್ನು ನಾವೇ ಮನೆಯೊಳಗೆ ಚೆಲ್ಲಿದೆವೆಂಬುದು ತಿಳಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಾಳಿ ಹೊರಲಾರದ ಈ ನೀರು ತಣ್ಣಗಿರುವ ಜಾಗವನ್ನು ಹುಡುಕಿ ಅಲ್ಲಿ ಇಳಿಯುತ್ತದೆ. ಹೊರಗೋಡೆಯ ಮೂಲೆ, ಬೀರುವಿನ ಹಿಂಭಾಗ, ಮಂಚದ ತಳ, ತಾರಸಿಯ ಅಂಚು ಇವುಗಳಲ್ಲಿಯೇ ಮೊದಲು ಬೂಷ್ಟು ಕಾಣುವುದು ಈ ಕಾರಣದಿಂದ. ಚಾವಣಿಯ ಫ್ಯಾನು ತೇವವನ್ನು ಹೊರಗೆ ಹಾಕುವುದಿಲ್ಲ; ಕೋಣೆಯೊಳಗೇ ಸುತ್ತಿಸುತ್ತದೆ.

ಆದುದರಿಂದ ಹಸಿ ಅಡಿಕೆಯನ್ನು ಮಲಗುವ ಮನೆಗೆ ತರಕೂಡದು. ಅನುಕೂಲವುಳ್ಳವರು ಮನೆಗೆ ಅಂಟದಂತೆ ಒಂದು ಒಣಗಿಸುವ ಷೆಡ್ಡನ್ನು ಕಟ್ಟಬೇಕು. ಪಾರದರ್ಶಕವಾದ ಪ್ಲಾಸ್ಟಿಕ್ ಹೊದಿಕೆಯ ಗೂಡುಗಳನ್ನು ಈಗ ಅನೇಕರು ಕಟ್ಟಿದ್ದಾರೆ. ಅಂಥ ಗೂಡಿಗೆ ಕೆಳಗೆ ಗಾಳಿ ಬರಲೂ ಮೇಲೆ ಆವಿ ಹೋಗಲೂ ದಾರಿ ಇರಲೇಬೇಕು. ಇಲ್ಲದಿದ್ದರೆ ಒಳಗೆ ಬೆವರಿಟ್ಟು ಅಡಿಕೆಯೇ ಬೂಷ್ಟು ಹಿಡಿದು ಬೆಲೆ ಕಳೆದುಕೊಳ್ಳುತ್ತದೆ. ಷೆಡ್ಡು ಕಟ್ಟಲಾರದವರು ಮನೆಯ ಒಂದೇ ಕೋಣೆಯನ್ನು ಇದಕ್ಕಾಗಿ ಗೊತ್ತುಮಾಡಿ, ಒಳಬಾಗಿಲನ್ನು ಮುಚ್ಚಿ, ಹೊರಗೋಡೆಯ ಮೇಲ್ಭಾಗದಲ್ಲಿ ಗಾಳಿಯನ್ನು ಹೊರಕ್ಕೆ ಎಳೆಯುವ ಫ್ಯಾನನ್ನು ಕೂಡಿಸಿ, ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಒಗೆದ ಬಟ್ಟೆಗಳನ್ನು ಒಳಗೆ ಒಣಹಾಕುವುದಕ್ಕೂ ಇದೇ ಮಾತು ಸಲ್ಲುತ್ತದೆ. ಬಚ್ಚಲಿನ ಹಂಡೆಯ ಆವಿ, ಅಡಿಗೆಮನೆಯ ಆವಿ ಇವೂ ಹೊರಕ್ಕೆ ನೇರವಾಗಿ ಹೋಗಬೇಕಲ್ಲದೆ ಪಡಸಾಲೆಯ ಮೂಲಕ ಹೋಗಬಾರದು.

ಎರಡನೆಯದು ನೆಲದಿಂದ ಏರುವ ನೀರು. ಗೋಡೆಯ ಬುಡದಿಂದ ಎರಡು ಮೂರು ಅಡಿಗಳವರೆಗೆ ತೇವದ ಗೆರೆ ಒಂದೇ ಸಮನಾಗಿ ಕಂಡರೆ ಇದೇ ಕಾರಣ. ಹಿತ್ತಿಲ ಗೋಡೆಗೆ ತಾಗುವಂತೆ ತಿಪ್ಪೆ, ಮಣ್ಣಿನ ರಾಶಿ, ಅಡಿಕೆ ಸಿಪ್ಪೆಯ ಗುಡ್ಡೆ, ಸೌದೆ ಇವುಗಳನ್ನು ಒಟ್ಟುವುದೂ, ತೋಟದ ನೀರನ್ನು ಮನೆಯ ಬುಡದವರೆಗೆ ಬಿಡುವುದೂ ನಮ್ಮಲ್ಲಿ ಸಾಮಾನ್ಯ. ಭದ್ರಾ ಕಾಲುವೆಯ ಅಚ್ಚುಕಟ್ಟಿನ ಊರುಗಳಲ್ಲಿ, ಬತ್ತದ ಗದ್ದೆಗಳಿಗೆ ಅಂಟಿದ ಮನೆಗಳಿಗೆ ಬೇಸಗೆಯಲ್ಲಿಯೂ ಈ ಬಾಧೆ ತಪ್ಪದು. ಗೋಡೆಯ ಸುತ್ತ ಮೂರಡಿ ಅಗಲದ ಜಾಗವನ್ನು ಬರಿದುಮಾಡಿ, ಹೊರಕ್ಕೆ ಇಳಿಜಾರು ಕೊಟ್ಟು, ಮಳೆನೀರು ನಿಲ್ಲದೆ ಚರಂಡಿಗೆ ಹರಿಯುವಂತೆ ಮಾಡಿದರೆ ಅರ್ಧ ಕೆಲಸ ಆದಂತೆಯೇ. ಸೂರಿನ ನೀರು ಗೋಡೆಗೆ ಸಿಡಿಯದಂತೆ ತಗಡಿನ ದೋಣಿಯನ್ನು ಕಟ್ಟಿಸಬೇಕು. ಹೊಸದಾಗಿ ಕಟ್ಟುವವರು ತಳಪಾಯದ ಮೇಲೆ ತೇವವನ್ನು ತಡೆಯುವ ಪದರವನ್ನು ಹಾಕಿಸದೆ ಗೋಡೆಯನ್ನು ಏರಿಸಕೂಡದು. ಆಗ ಅದಕ್ಕೆ ತಗಲುವ ಖರ್ಚು ಅಲ್ಪ. ಮನೆ ಎದ್ದ ಮೇಲೆ ಅದನ್ನೇ ಸೇರಿಸುವುದು ಬಹು ಕಷ್ಟ.

ಮೂರನೆಯದಾಗಿ ಒಂದು ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಹಳೆಯ ಮಣ್ಣಿನ ಗೋಡೆಯ ಮನೆಗಳಿಗೆ ಸಿಮೆಂಟಿನ ಗಾರೆಯನ್ನು ಮೆತ್ತಿಸಿ, ಮೇಲೆ ಹೊಳೆಯುವ ಬಣ್ಣವನ್ನು ಬಳಿಸುವುದು ಈಗ ಅಂತಸ್ತಿನ ಗುರುತಾಗಿದೆ. ಮಣ್ಣಿನ ಗೋಡೆಯು ಮಳೆಗಾಲದಲ್ಲಿ ತೇವವನ್ನು ಹೀರಿ ಬಿಸಿಲು ಬಂದಾಗ ಬಿಡುತ್ತದೆ. ಸಿಮೆಂಟು ಮತ್ತು ಎಣ್ಣೆಬಣ್ಣಗಳು ಈ ಉಸಿರಾಟವನ್ನು ಕಟ್ಟುತ್ತವೆ. ಒಳಗೆ ಸಿಕ್ಕಿದ ನೀರು ಹೊರಗೆ ಬರಲಾರದೆ ಗಾರೆಯನ್ನು ಉಬ್ಬಿಸಿ ಉದುರಿಸುತ್ತದೆ. ಬಣ್ಣದ ಹಿಂದೆಯೇ ಬೂಷ್ಟು ಹಬ್ಬುತ್ತದೆ. ನಮ್ಮ ಹಿರಿಯರ ಸುಣ್ಣವು ಈ ಎರಡು ದೋಷಗಳಿಗೂ ಮದ್ದಾಗಿತ್ತು. ಅದು ಗೋಡೆಯ ಉಸಿರನ್ನು ಕಟ್ಟುವುದಿಲ್ಲ. ಹೊಸದಾಗಿ ಬಳಿದ ಸುಣ್ಣದ ಕ್ಷಾರವು ತೀಕ್ಷ್ಣವಾಗಿರುವುದರಿಂದ ಬೂಷ್ಟು ಅದರ ಮೇಲೆ ಬೇರೂರಲಾರದು. ಗಾಳಿಯ ಸಂಪರ್ಕದಿಂದ ಈ ಕ್ಷಾರ ಕ್ರಮೇಣ ಕುಂದುವುದರಿಂದಲೇ ವರ್ಷಕ್ಕೊಮ್ಮೆ ಹಬ್ಬದ ನೆಪದಲ್ಲಿ ಸುಣ್ಣ ಬಳಿಯುವ ಸಂಪ್ರದಾಯ ಉಪಯುಕ್ತವಾದದ್ದು. ಅಗ್ಗವೆಂಬ ಒಂದೇ ಕಾರಣಕ್ಕೆ ಸುಣ್ಣವನ್ನು ಹೀನವಾಗಿ ಕಾಣುವುದು ಸರಿಯಲ್ಲ. ಸುಟ್ಟ ಸುಣ್ಣದ ಕಲ್ಲುಗಳನ್ನು ನೀರಿಗೆ ಹಾಕುವಾಗ ಅದು ಕುದಿದು ಸಿಡಿಯುವುದರಿಂದ ಮಕ್ಕಳನ್ನು ದೂರವಿರಿಸಿ, ಕಣ್ಣಿಗೆ ಕನ್ನಡಕವನ್ನು ಧರಿಸಬೇಕು. ಒಂದು ರಾತ್ರಿ ಆರಲು ಬಿಟ್ಟು, ಗೋಣಿಯಲ್ಲಿ ಸೋಸಿ, ತೆಳ್ಳಗೆ ಎರಡು ಸಾರಿ ಬಳಿಯಬೇಕು. ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಆ ಬಣ್ಣವನ್ನು ಕೆರೆದೇ ಬಳಿಯತಕ್ಕದ್ದು.

ಎರಡು ಸುಲಭ ಪರೀಕ್ಷೆಗಳು

ತೇವವು ಗೋಡೆಯೊಳಗಿಂದ ಬರುತ್ತಿದೆಯೋ ಕೋಣೆಯ ಗಾಳಿಯಿಂದ ಬರುತ್ತಿದೆಯೋ ಎಂಬ ಸಂದೇಹವಿದ್ದಲ್ಲಿ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಾಸಿ ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಬೇಕು. ಎರಡು ದಿನಗಳ ಮೇಲೆ ನೋಡಿದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ನೀರು ಗೋಡೆಯದು, ಹೊರಮೈಯಲ್ಲಿದ್ದರೆ ಕೋಣೆಯದು. ಮೊದಲನೆಯದಕ್ಕೆ ಚರಂಡಿ, ಸೂರು, ನಲ್ಲಿಯ ಕೊಳವೆ ಇವುಗಳ ರಿಪೇರಿಯೂ, ಎರಡನೆಯದಕ್ಕೆ ಗಾಳಿಯಾಡುವ ಏರ್ಪಾಡೂ ಮದ್ದು. ಗೋಡೆಯ ಮೇಲಿನ ಬಿಳಿಯ ಪುಡಿಯೆಲ್ಲವೂ ಬೂಷ್ಟಲ್ಲ. ಹನಿ ನೀರು ಹಾಕಿದಾಗ ಕರಗಿಹೋದರೆ ಅದು ಗೋಡೆಯಿಂದ ಉಕ್ಕಿದ ಉಪ್ಪು. ಅದಕ್ಕೆ ಔಷಧ ಹಾಕಿ ಪ್ರಯೋಜನವಿಲ್ಲ. ಆದರೆ ಅಲ್ಲಿ ನೀರು ಏರುತ್ತಿದೆಯೆಂಬುದಕ್ಕೆ ಅದು ಸಾಕ್ಷಿ.

ಮನೆಗೆ ತರುವ ಕಾಳು ಒಣಗಿದೆಯೇ ಎಂದು ತಿಳಿಯಲು, ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮುಕ್ಕಾಲು ಹಿಡಿ ಒಣ ಉಪ್ಪನ್ನೂ ಎರಡು ಹಿಡಿ ಕಾಳನ್ನೂ ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಕುಲುಕಿ ಹದಿನೈದು ನಿಮಿಷ ಬಿಡಬೇಕು. ಉಪ್ಪು ಸೀಸೆಯ ಗಾಜಿಗೆ ಅಂಟಿದರೆ ಕಾಳಿನಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ನೀರಿದೆಯೆಂದು ತಿಳಿಯಬೇಕು. ಅಂಥ ಕಾಳನ್ನು ಚೀಲಕ್ಕೆ ತುಂಬಕೂಡದು. ಬಹುದಿನ ಇಡತಕ್ಕ ಮೆಕ್ಕೆಜೋಳವು ನೂರಕ್ಕೆ 12ರ ಸುಮಾರಿಗೆ ಇಳಿದಿರಬೇಕು. ಚೀಲಗಳನ್ನು ನೆಲದ ಮೇಲೂ ಗೋಡೆಗೆ ಒರಗಿಸಿಯೂ ಇಡದೆ, ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಒಟ್ಟಬೇಕು.

ಶುದ್ಧಿಯ ಕ್ರಮ

ನೀರಿನ ದಾರಿಯನ್ನು ಕಟ್ಟಿದ ಮೇಲೆ ಬೂಷ್ಟನ್ನು ತೆಗೆಯುವ ಕೆಲಸ. ಕಲೆಯು ಒಟ್ಟು 10 ಚದರ ಅಡಿಯೊಳಗಿದ್ದರೆ ಮನೆಯವರೇ ಮಾಡಬಹುದು. ಅದಕ್ಕೆ ಮೀರಿದ್ದರೆ ಅನುಭವವುಳ್ಳ ಆಳುಗಳಿಂದ ಮಾಡಿಸುವುದು ಲೇಸು. ಅವರಿಗೂ ರಕ್ಷಣೆಯ ಸಾಮಗ್ರಿಯನ್ನು ಯಜಮಾನನೇ ಒದಗಿಸತಕ್ಕದ್ದು. ಕೂಲಿಯವನ ಶ್ವಾಸಕೋಶವು ಯಜಮಾನನ ಶ್ವಾಸಕೋಶಕ್ಕಿಂತ ಗಟ್ಟಿಯಾದದ್ದೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಉಬ್ಬಸದವರು, ಗರ್ಭಿಣಿಯರು, ಮಕ್ಕಳು, ಬಹುಕಾಲದ ರೋಗಿಗಳು ಈ ಕೆಲಸಕ್ಕೆ ಕೈಹಾಕಬಾರದು. ಕೆಲಸ ಮುಗಿಯುವವರೆಗೆ ಆ ಕೋಣೆಯಲ್ಲಿ ಇರಲೂಬಾರದು. ಮೂಗಿಗೆ ಟವಲು ಕಟ್ಟಿಕೊಂಡರೆ ಬೀಜಾಣುಗಳು ನಿಲ್ಲುವುದಿಲ್ಲ. ಔಷಧದ ಅಂಗಡಿಗಳಲ್ಲಿ ಸಿಗುವ ಎನ್-95 ಮುಖಗವಸನ್ನು ಮುಖಕ್ಕೆ ಸಂದಿಲ್ಲದಂತೆ ಹಾಕಿಕೊಂಡು, ರಬ್ಬರಿನ ಕೈಚೀಲ ಮತ್ತು ಕನ್ನಡಕವನ್ನು ಧರಿಸಬೇಕು.

ಮೊದಲು ಕೋಣೆಯ ವಿದ್ಯುತ್ತನ್ನು ನಿಲ್ಲಿಸಬೇಕು. ಒದ್ದೆ ಗೋಡೆಯ ಸ್ವಿಚ್ಚುಗಳಿಂದ ಪ್ರಾಣಹಾನಿಯಾಗಬಹುದು. ಹೊರಗಿನ ಕಿಟಕಿಗಳನ್ನು ತೆರೆದು, ಒಳಮನೆಯ ಬಾಗಿಲನ್ನು ಮುಚ್ಚಿ, ಪಾತ್ರೆಪಗಡೆ ಆಹಾರಪದಾರ್ಥಗಳನ್ನು ಹೊರಗಿಡಬೇಕು. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸುವುದೂ ಉಜ್ಜುವುದೂ ದೊಡ್ಡ ತಪ್ಪು. ಒಂದು ಮೂಲೆಯಲ್ಲಿದ್ದುದನ್ನು ಮನೆಗೆಲ್ಲ ಹರಡಿದಂತಾಗುತ್ತದೆ. ಸೋಪಿನ ನೀರನ್ನು ಬಟ್ಟೆಯಿಂದ ಒತ್ತಿ ಕಲೆಯನ್ನು ನೆನೆಸಿ, ಆಮೇಲೆ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಒರಸಿದ ಬಟ್ಟೆಗಳನ್ನು ಚೀಲದಲ್ಲಿ ಕಟ್ಟಿ ಎಸೆಯುವುದು ಮೇಲು. ಬಳಿಕ ಗಾಳಿಯಿಂದಲೂ ಫ್ಯಾನಿನಿಂದಲೂ ಆ ದಿನವೇ ಗೋಡೆಯನ್ನು ಒಣಗಿಸತಕ್ಕದ್ದು. ಬಹುಪಾಲು ಮನೆಗಳಿಗೆ ಸೋಪು, ನೀರು, ಉಜ್ಜುವಿಕೆ ಇಷ್ಟೇ ಸಾಕು. ಸತ್ತ ಬೂಷ್ಟೂ ಉಬ್ಬಸವನ್ನು ಎಬ್ಬಿಸುವುದರಿಂದ, ಕೊಲ್ಲುವುದಕ್ಕಿಂತ ತೆಗೆದುಹಾಕುವುದೇ ಮುಖ್ಯ.

ಕಲ್ಲು, ಟೈಲು, ಸಿಮೆಂಟು ನೆಲ ಮುಂತಾದ ಗಟ್ಟಿ ಮೈಗಳಿಗೆ, ಅದರಲ್ಲಿಯೂ ಚರಂಡಿಯ ನೀರು ಅಥವಾ ನೆರೆಯ ನೀರು ನುಗ್ಗಿದ ಕಡೆ, ಮೇಲಿನಂತೆ ತೊಳೆದ ತರುವಾಯ ಬ್ಲೀಚಿಂಗ್ ಪೌಡರಿನ ತಿಳಿಯನ್ನು ಉಪಯೋಗಿಸಬಹುದು. ಕೆಡದಿರುವ ಪುಡಿಯಲ್ಲಿ ನೂರಕ್ಕೆ 33ರ ಸುಮಾರು ಕ್ಲೋರೀನ್ ಇರುತ್ತದೆ. 10 ಲೀಟರ್ ನೀರಿಗೆ 150 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನು ಮಾತ್ರ ಬಳಿದು, ಹತ್ತು ನಿಮಿಷದ ನಂತರ ತೊಳೆಯಬೇಕು. ಅಂದಿನದನ್ನು ಅಂದೇ ತೀರಿಸಬೇಕು. ಮಣ್ಣಿನ ಗೋಡೆ, ಮರ, ಬಟ್ಟೆಗಳಿಗೆ ಇದು ಸಲ್ಲದು. ನೀರು ಒಳಗಿಳಿದು ತೇವವನ್ನು ಹೆಚ್ಚಿಸುವುದಲ್ಲದೆ ಮದ್ದು ಬೇರಿನವರೆಗೆ ಮುಟ್ಟುವುದಿಲ್ಲ.

2019ರ ಆಗಸ್ಟ್ ತಿಂಗಳ ನೆರೆಯಲ್ಲಿ ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ತಗ್ಗಿನ ಮನೆಗಳಿಗೆ ನೀರು ಹೊಕ್ಕಿದ್ದುದು ಅನೇಕರಿಗೆ ನೆನಪಿರಬಹುದು. ಅಂಥ ಸಂದರ್ಭದಲ್ಲಿ ನೆನೆದ ಹತ್ತಿಯ ಹಾಸಿಗೆ ದಿಂಬುಗಳನ್ನು ಉಳಿಸಿಕೊಳ್ಳಲು ಪ್ರಯತ್ನಪಡಬಾರದು. ಮೇಲೆ ಒಣಗಿದಂತೆ ಕಂಡರೂ ಒಡಲಲ್ಲಿ ಬೂಷ್ಟು ಉಳಿದಿರುತ್ತದೆ.

ಕೂಡದ ಕೆಲಸಗಳು

ಬೂಷ್ಟಿಗಿಂತ ಅದನ್ನು ತೆಗೆಯಲು ಮಾಡುವ ಅವಿವೇಕವೇ ಕೆಲವು ವೇಳೆ ಪ್ರಾಣಕ್ಕೆ ಬರುತ್ತದೆ. ಬ್ಲೀಚಿಂಗ್ ಪೌಡರಿನ ಸಂಗಡ ಪಾಯಿಖಾನೆ ತೊಳೆಯುವ ಆಸಿಡ್ಡು, ವಿನಿಗರ್, ನಿಂಬೆರಸ, ಹುಣಿಸೆಹುಳಿ ಮುಂತಾದ ಯಾವ ಹುಳಿ ಪದಾರ್ಥವನ್ನೂ ಸೇರಿಸಕೂಡದು. ಸೇರಿಸಿದರೆ ಕ್ಲೋರೀನ್ ವಾಯು ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ ಎಂಬಲ್ಲಿ ಜರ್ಮನರು ಶತ್ರುಸೈನ್ಯದ ಮೇಲೆ ಬಿಟ್ಟ ವಿಷವಾಯು ಇದೇ. ಎರಡು ಮದ್ದು ಕೂಡಿದರೆ ಎರಡರಷ್ಟು ಗುಣವೆಂದು ಎಣಿಸಿ ಮುಚ್ಚಿದ ಬಚ್ಚಲಿನಲ್ಲಿ ಹೀಗೆ ಮಾಡುವವರುಂಟು. ಕೊಟ್ಟಿಗೆಯ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ದನಗಳ ಗಂಜಳದಿಂದ ಅಮೋನಿಯಾ ಹೊರಡುತ್ತದೆ. ಅದರ ಮೇಲೆ ಬ್ಲೀಚಿಂಗ್ ನೀರನ್ನು ಸುರಿದರೆ ಅದೂ ಉಸಿರುಕಟ್ಟಿಸುವ ವಾಯುವನ್ನು ಹುಟ್ಟಿಸುತ್ತದೆ. ದನಗಳನ್ನು ಹೊರಗೆ ಕಟ್ಟಿ, ನೆಲವನ್ನು ಬರಿಯ ನೀರಿನಿಂದ ಚೆನ್ನಾಗಿ ತೊಳೆದ ಬಳಿಕವೇ ಬ್ಲೀಚಿಂಗ್ ನೀರನ್ನು ಹಾಕಬೇಕು.

ಹಸಿ ಕೋಣೆಯನ್ನು ಆರಿಸಲು ಬಾಣಲೆಯಲ್ಲಿ ಕೆಂಡವನ್ನು ಇಟ್ಟು ಬಾಗಿಲು ಹಾಕುವ ವಾಡಿಕೆಯನ್ನು ಕೂಡಲೇ ಬಿಡಬೇಕು. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾಣಂತಿಯ ಕೋಣೆಯಲ್ಲಿ ಮಳೆಗಾಲದಲ್ಲಿ ಹೀಗೆ ಮಾಡುವುದು ತಾಯಿ ಮಗು ಇಬ್ಬರಿಗೂ ಅತ್ಯಂತ ಅಪಾಯಕರ. ಗಂಧಕದ ಹೊಗೆಯನ್ನೂ ವಾಸದ ಮನೆಯೊಳಗೆ ಹಾಕಬಾರದು. ಕಾಳಿನ ಹುಳುಗಳಿಗೆಂದು ಮಾರುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳು ಬೂಷ್ಟಿಗೆ ಮದ್ದಲ್ಲ. ಜನರು ಮಲಗುವ ಮನೆಯಲ್ಲಿ ಅವುಗಳನ್ನು ಇಡುವುದು ಪ್ರಾಣಾಂತಿಕವಾದ ಕೆಲಸ. ತೋಟಕ್ಕೆ ಹೊಡೆದು ಮಿಕ್ಕ ಶಿಲೀಂಧ್ರನಾಶಕಗಳನ್ನು ಮಲಗುವ ಕೋಣೆಯ ಗೋಡೆಗೆ ಸಿಂಪಡಿಸುವುದೂ ಸಲ್ಲದು.

ತೋಟದ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಬಹುದು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ಅಡಿಕೆಯ ಕೊಳೆರೋಗವನ್ನು ಪರಿಶೀಲಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ನಮ್ಮ ತೋಟಗಳಲ್ಲಿ ರೂಢಿಗೆ ತಂದರು. ಮಳೆ ಬಲಿಯುವುದಕ್ಕೆ ಮುಂಚೆ ಹೊಡೆದರೆ ಮಾತ್ರ ಅದು ಫಲಕಾರಿ; ಕಾಯಿ ಕೊಳೆತ ಮೇಲೆ ಹೊಡೆದು ಪ್ರಯೋಜನವಿಲ್ಲವೆಂಬುದು ಈಗ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ತೋಟಕ್ಕೆ ಈ ನಿಯಮವನ್ನು ತಪ್ಪದೆ ಪಾಲಿಸುವವರು ಮನೆಯ ಮಾಡನ್ನು ನೋಡುವುದು ಮಾತ್ರ ಸೋರಿದ ಮೇಲೆಯೇ. ಹಂಚು ತಿರುವುವುದು, ದೋಣಿ ಕಟ್ಟುವುದು, ಚರಂಡಿ ತೋಡುವುದು, ಸುಣ್ಣ ಬಳಿಯುವುದು ಇವೆಲ್ಲವೂ ಭರಣಿ ಕೃತ್ತಿಕೆಗಳೊಳಗೆ ಮುಗಿಯಬೇಕು. ಬೀರು ಪೆಟ್ಟಿಗೆಗಳನ್ನು ಗೋಡೆಯಿಂದ ನಾಲ್ಕು ಅಂಗುಲ ಈಚೆಗೆ ಎಳೆದಿಡುವುದಕ್ಕೆ ಯಾವ ಖರ್ಚೂ ಇಲ್ಲ.

ಬೂಷ್ಟು ಹಿಡಿದ ಧಾನ್ಯ ಮತ್ತು ಮೇವು

ಗೋಡೆಯ ಬೂಷ್ಟನ್ನು ತೊಳೆಯಬಹುದು. ಕಾಳಿನ ಬೂಷ್ಟನ್ನು ತೊಳೆಯಲಾಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ಹಾಕಿದ ಕಡಲೆಕಾಯಿ ಹಿಂಡಿಯ ಬೂಷ್ಟಿನಲ್ಲಿ ಒಂದು ವಿಷವಿರುವುದು ಪತ್ತೆಯಾಯಿತು. ಅದನ್ನೇ ಅಫ್ಲಟಾಕ್ಸಿನ್ ಎಂದು ಕರೆಯುತ್ತಾರೆ. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನ ಗುಜರಾತುಗಳ ಗಡಿಯ ಬಾನ್ಸವಾಡಾ ಮತ್ತು ಪಂಚಮಹಲ್ ಜಿಲ್ಲೆಗಳಲ್ಲಿ, ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ನೂರಕ್ಕೂ ಹೆಚ್ಚು ಮಂದಿ ಈಲಿ ಕೆಟ್ಟು ಕಾಮಾಲೆಯಿಂದ ಮೃತರಾದರು. ಮೆಕ್ಕೆಜೋಳವನ್ನು ಹೇರಳವಾಗಿ ಬೆಳೆಯುವ ದಾವಣಗೆರೆ ಜಿಲ್ಲೆಯವರು ಈ ಸಂಗತಿಯನ್ನು ಮರೆಯಬಾರದು. ಬೇಯಿಸುವುದರಿಂದ ಈ ವಿಷ ನಾಶವಾಗುವುದಿಲ್ಲ. ಮನುಷ್ಯರು ತಿನ್ನಲಾಗದ ಕಾಳನ್ನು ಎಮ್ಮೆಗೆ ಹಾಕಿದರೆ ವಿಷದ ಒಂದಂಶ ಹಾಲಿನ ಮೂಲಕ ಮನೆಯ ಮಕ್ಕಳಿಗೇ ಹಿಂತಿರುಗುತ್ತದೆ. ಅಂಥ ಕಾಳನ್ನು ಕೂಲಿಗೆ ಕೊಡುವುದೂ, ಒಳ್ಳೆಯದರಲ್ಲಿ ಬೆರಸುವುದೂ ಅನ್ಯಾಯ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಬೂಷ್ಟು ಹಿಡಿದ ಹುಲ್ಲಿನ ಬಣವೆಯನ್ನು ಕೆದಕುವವರಿಗೂ ಶ್ವಾಸಕೋಶದ ಊತ ಬರುವುದುಂಟಾದ್ದರಿಂದ ಆಗಲೂ ಮುಖಗವಸು ಬೇಕು.

ಗ್ರಾಮದ ಮುಖಂಡರು ತಮ್ಮ ಮನೆಯ ಸಂಗಡ ಊರಿನ ಸಾರ್ವಜನಿಕ ಉಗ್ರಾಣಗಳನ್ನೂ ನೋಡಬೇಕಾಗಿದೆ. ಅಂಗನವಾಡಿಯ ಆಹಾರದ ಕೋಣೆ, ಶಾಲೆಯ ಬಿಸಿಯೂಟದ ಅಕ್ಕಿ ಬೇಳೆಗಳ ಕೋಣೆ, ನ್ಯಾಯಬೆಲೆ ಅಂಗಡಿ ಇವು ಊರಿನ ಯಾವ ಕಟ್ಟಡದಲ್ಲಿದ್ದರೂ ಮಳೆಗೆ ಮುಂಚೆ ಒಮ್ಮೆ, ಮಳೆಯ ನಡುವೆ ಒಮ್ಮೆ ತಾವೇ ಹೋಗಿ ಚೀಲಗಳ ತಳವನ್ನು ಎತ್ತಿಸಿ ನೋಡತಕ್ಕದ್ದು. ಮೇಲಿನ ಚೀಲಗಳು ಯಾವಾಗಲೂ ಚೆನ್ನಾಗಿಯೇ ಇರುತ್ತವೆ.

ಜಮೀನಿನ ಕ್ರಯಪತ್ರ, ವಿಭಾಗಪತ್ರ, ಹಳೆಯ ಲೆಕ್ಕದ ಪುಸ್ತಕಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಹೊರಗೋಡೆಗೆ ತಾಗಿಸಿ ಇಡುವವರು ಅನೇಕರು. ಕಬ್ಬಿಣ ಬೇಗ ತಣ್ಣಗಾಗಿ ಒಳಗೆ ಬೆವರುತ್ತದೆ. ನೆನೆದ ಪತ್ರಗಳನ್ನು ಬಿಸಿಲಿಗೆ ಹಾಕದೆ ನೆರಳಿನ ಗಾಳಿಯಲ್ಲಿ ಬಿಡಿಬಿಡಿಯಾಗಿ ಹರಡಿ, ಪೂರ್ಣವಾಗಿ ಒಣಗಿದ ಮೇಲೆ ಮನೆಯ ಹೊರಗೆ, ಮುಖಗವಸು ಹಾಕಿಕೊಂಡು, ಮೃದುವಾದ ಕುಂಚದಿಂದ ಬೂಷ್ಟನ್ನು ಸವರಿ ತೆಗೆಯಬೇಕು. ಒದ್ದೆ ಬಟ್ಟೆಯಿಂದ ಒರಸಿದರೆ ಶಾಯಿ ಹರಡುತ್ತದೆ. ಪೆಟ್ಟಿಗೆಯನ್ನು ಒಳಗೋಡೆಯ ಬಳಿ ಮಣೆಯ ಮೇಲಿರಿಸಿ, ಒಂದು ಮೂಲೆಯಲ್ಲಿ ಸುಟ್ಟ ಸುಣ್ಣದ ಕಲ್ಲುಗಳನ್ನು ಬಾಯಿಗೆ ಬಟ್ಟೆ ಕಟ್ಟಿದ ಮಡಕೆಯಲ್ಲಿ ಇಡಬಹುದು. ಒಂದು ಕಿಲೋ ಸುಣ್ಣವು ಸುಮಾರು 300 ಗ್ರಾಂ ನೀರನ್ನು ಹೀರಬಲ್ಲದು. ಕೋಣೆಗೆ ಇದು ಏತಕ್ಕೂ ಸಾಲದು. ಮುಚ್ಚಳ ಬಿಗಿಯಾದ ಪೆಟ್ಟಿಗೆಗೆ ಮಳೆಗಾಲದ ಬಹುಭಾಗಕ್ಕೆ ಸಾಕಾಗಬಹುದು. ಹೀರುತ್ತ ಸುಣ್ಣ ಉಬ್ಬುವುದರಿಂದ ಮಡಕೆಯನ್ನು ಅರ್ಧ ಮಾತ್ರ ತುಂಬಿ, ಕಲ್ಲುಗಳು ಪುಡಿಯಾದ ಕೂಡಲೇ ಬದಲಾಯಿಸಬೇಕು.